ಟಿಬಿ ಬಂದರೆ ಏನು ಮಾಡಬೇಕು? ಕಫ ಪರೀಕ್ಷೆಯಿಂದ ಕೊನೆಯ ಮಾತ್ರೆವರೆಗೆ

ನಮ್ಮ ಸೋದರಮಾವ ಟಿಬಿ ಮಾತ್ರೆ ಬಿಟ್ಟಿದ್ದು ಎರಡನೇ ತಿಂಗಳಲ್ಲಿ. ಕೆಮ್ಮು ನಿಂತಿತ್ತು, ಊಟ ಸೇರುತ್ತಿತ್ತು, ‘ಇನ್ಯಾಕೆ ಸುಮ್ನೆ ನುಂಗೋದು’ ಅಂದರು. ಕೆಲವು ತಿಂಗಳಲ್ಲೇ ಕಫದಲ್ಲಿ ರಕ್ತ ಕಾಣಿಸಿತು. ನಿಮ್ಮ ಮನೆಯಲ್ಲಿ ಹಾಗಾಗುವುದು ಬೇಡ.

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಇವುಗಳಲ್ಲಿ ಒಂದಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಪರೀಕ್ಷೆ, ಔಷಧಿ ಎರಡೂ ಉಚಿತ.

ಜಾಸ್ತಿ ಜನ ಎಡವುವುದು ಕಫ ಕೊಡುವಾಗ. ಡಬ್ಬಿಗೆ ಬರೀ ಎಂಜಲು ಉಗಿದುಕೊಟ್ಟರೆ ರೋಗಾಣು ಇದ್ದರೂ ಸಿಗದೆ ಹೋಗಬಹುದು. ಬೆಳಿಗ್ಗೆ ಎದ್ದ ತಕ್ಷಣ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಹೊರಗೆ ಗಾಳಿಯಾಡುವ ಕಡೆ ಒಬ್ಬರೇ ನಿಂತು, ಎರಡು ಮೂರು ಸಲ ಎದೆ ತುಂಬಾ ಉಸಿರೆಳೆದು, ಆಳದಿಂದ ಕೆಮ್ಮಿ ಗಟ್ಟಿ ಕಫವನ್ನೇ ತೆಗೆಯಿರಿ. ಮುಚ್ಚಳ ಬಿಗಿ ಮಾಡಿ ಬೇಗ ತಲುಪಿಸಿ. ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಯಂತ್ರ ಕೆಲವೇ ಗಂಟೆಯಲ್ಲಿ ಟಿಬಿ ಇದೆಯಾ ಅಂತಲೂ, ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುತ್ತದಾ ಅಂತಲೂ ಹೇಳುತ್ತದೆ.

ಟಿಬಿ ಇದ್ದರೆ ನಿಕ್ಷಯ್‌ನಲ್ಲಿ, ಅಂದರೆ ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ಪಟ್ಟಿಯಲ್ಲಿ, ಹೆಸರು ದಾಖಲಿಸುತ್ತಾರೆ. ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಮೊಟ್ಟೆ, ಬೇಳೆಕಾಳು, ಕಡಲೆಬೀಜಕ್ಕೇ ಅದನ್ನು ಖರ್ಚು ಮಾಡಿ. ಸಕ್ಕರೆ ಕಾಯಿಲೆ, ಎಚ್‌ಐವಿ ಪರೀಕ್ಷೆಯೂ ಆಗಲಿ.

ಇನ್ನು ಮಾತ್ರೆ. ಔಷಧಿಗೆ ಬಗ್ಗುವ ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳು: ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು, ದಿನಾ ತಪ್ಪದೆ. ಎಷ್ಟು ಮಾತ್ರೆ ಅನ್ನುವುದು ನಿಮ್ಮ ತೂಕದ ಮೇಲೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ರಿಫಾಂಪಿಸಿನ್ ಬಣ್ಣ, ಹೆದರಬೇಡಿ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ, ವಾಂತಿ ನಿಲ್ಲದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮೊದಲ ತಿಂಗಳಲ್ಲೇ ಆರಾಮ ಅನ್ನಿಸುತ್ತದೆ, ಆದರೆ ಒಳಗೆ ರೋಗಾಣು ಪೂರ್ತಿ ಸತ್ತಿರುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಉಳಿದವು ಔಷಧಿಗೇ ಜಗ್ಗದ ಹಾಗೆ ಗಟ್ಟಿಯಾಗಬಹುದು. ಎರಡನೇ ಸಲ ಮಾವ ಮಾತ್ರೆ ಶುರು ಮಾಡಿದಾಗ ನಮ್ಮತ್ತೆ, ಅವರು ನುಂಗಿ ನೀರು ಕುಡಿದ ಮೇಲೆಯೇ ಗೋಡೆ ಕ್ಯಾಲೆಂಡರಿನ ಆ ದಿನಕ್ಕೆ ಕುಂಕುಮದ ಬೊಟ್ಟು ಇಡುತ್ತಿದ್ದರು. ಒಂದು ದಿನವೂ ಖಾಲಿ ಉಳಿಯಲಿಲ್ಲ.

ಮನೆಯವರೆಲ್ಲ ತಪಾಸಣೆ ಮಾಡಿಸಿಕೊಳ್ಳಿ, ಚಿಕ್ಕ ಮಕ್ಕಳಿದ್ದರೆ ಮೊದಲು ಅವರಿಗೆ. ಕಾಯಿಲೆ ಇಲ್ಲ ಅಂತ ಖಚಿತವಾದರೆ, ಬಾರದ ಹಾಗೆ ತಡೆಯುವ ಮಾತ್ರೆ ಕೊಡುತ್ತಾರೆ. ಕೆಮ್ಮುವಾಗ ಬಾಯಿ ಮುಚ್ಚಿಕೊಂಡರೆ, ಕಿಟಕಿ ತೆರೆದಿಟ್ಟರೆ ಒಳ್ಳೆಯದು. ಟಿಬಿ ಹರಡುವುದು ಗಾಳಿಯಿಂದ, ಹಾಗಾಗಿ ತಟ್ಟೆ ಲೋಟ ಬೇರೆ ಮಾಡಿ ರೋಗಿಯ ಮನಸ್ಸು ನೋಯಿಸಬೇಡಿ. ಏನೇ ಅನುಮಾನ ಬಂದರೂ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ 1800-11-6666ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.