ಸುಂದರಬನ: ಲಾಂಚ್ ಏರಿ ಕಾಡು ನೋಡುವುದು ಹೇಗೆ?

ಪಶ್ಚಿಮ ಬಂಗಾಳದ ಕಡಲಂಚಿನ ಕೆಸರುಕಾಡು ಸುಂದರಬನಕ್ಕೆ ಹೋಗುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಹುಲಿ ಸಿಗುತ್ತಾ? ಎರಡು ಮೂರು ದಿನದ ಪ್ರವಾಸದಲ್ಲಿ ಹೆಚ್ಚಿನವರಿಗೆ ಸಿಗುವುದಿಲ್ಲ. ಹುಲಿಯನ್ನೇ ನಂಬಿ ಹೋದರೆ ಬೇಜಾರು ಖಂಡಿತ. ನೀರಿನ ಏರಿಳಿತ ನೋಡಿಕೊಂಡು ಹೋಗಿ. ಆಗ ನೋಡಲು ಏನೂ ಇಲ್ಲ ಅನ್ನಿಸುವುದೇ ಇಲ್ಲ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಚಳಿಗೆ ಮೊಸಳೆಗಳು ಬಿಸಿಲು ಕಾಯಿಸಲು ದಡಕ್ಕೆ ಬರುತ್ತವೆ. ತಿಂಗಳು ಆರಿಸಿದ ಮೇಲೆ ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಇಳಿದಷ್ಟೂ ಕೆಸರು ತೆರೆದುಕೊಳ್ಳುತ್ತದೆ. ಇಲ್ಲಿನ ಪ್ರಾಣಿ, ಪಕ್ಷಿಗಳಿಗೆ ಆ ಕೆಸರೇ ಊಟದ ಎಲೆ.

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಲಾಂಚ್ ನಡೆಸುವವರು ಹೇಳುತ್ತಾರೆ.

ತಲುಪುವುದು, ಲಾಂಚ್ ಆರಿಸುವುದು

ಕೋಲ್ಕತ್ತಾದಿಂದ, ಲಾಂಚ್ ಏರುವ ಗೋದ್‌ಖಾಲಿ ಘಾಟ್‌ಗೆ ಕಾರಿನಲ್ಲಿ ಮೂರು ಗಂಟೆಯ ಹಾದಿ. ಖರ್ಚು ಕಡಿಮೆ ಮಾಡಬೇಕಾದರೆ ಸಿಯಾಲ್ದಾದಿಂದ ಕ್ಯಾನಿಂಗ್‌ಗೆ ಲೋಕಲ್ ರೈಲು ಹಿಡಿಯಿರಿ. ಅಲ್ಲಿಂದ ಶೇರ್ ಆಟೊ ಸಿಗುತ್ತದೆ. ಗುರುತಿನ ಚೀಟಿ ಮರೆಯಬೇಡಿ. ಅರಣ್ಯ ಇಲಾಖೆಯ ಪರವಾನಗಿ ಬೇಕು, ಪ್ರತಿ ಲಾಂಚ್‌ನಲ್ಲೂ ನೋಂದಾಯಿತ ಗೈಡ್ ಇರಲೇಬೇಕು.

ಲಾಂಚ್ ಚಿಕ್ಕದಿದ್ದಷ್ಟೂ ಒಳ್ಳೆಯದು. ದೊಡ್ಡ ಬೋಟು ಸಣ್ಣ ಕಾಲುವೆಗಳಿಗೆ ನುಗ್ಗಲಾರದು, ಬದುಕು ಇರುವುದು ಅಲ್ಲೇ. ಬುಕ್ ಮಾಡುವಾಗ ಎರಡು ಮಾತು ಕೇಳಿ. ಸ್ಪೀಕರ್ ಹಾಕುತ್ತೀರಾ? ಕಾಲುವೆಯಲ್ಲಿ ಎಂಜಿನ್ ನಿಲ್ಲಿಸುತ್ತೀರಾ? ನಾನು ಮೊದಲ ಸಲ ಹೋದಾಗ ಇದನ್ನು ಕೇಳಿರಲಿಲ್ಲ. ಅರ್ಧ ದಿನ ಸಿನಿಮಾ ಹಾಡು ಕೇಳಿಕೊಂಡೇ ಕಾಡು ದಾಟಿದೆವು. ಒಂದು ಮಿಂಚುಳ್ಳಿಯೂ ಕಾಣಲಿಲ್ಲ. ಅದರ ಸಂಕಟ ಇವತ್ತಿಗೂ ಇದೆ.

ಕೆಸರು ನೋಡುವ ಕ್ರಮ

ನೀರು ಇಳಿಯಲು ಶುರುವಾದಾಗ ಮೇಲಿನ ಡೆಕ್‌ನಲ್ಲಿ ಕುಳಿತುಬಿಡಿ. ತಿಂಡಿ ಆಮೇಲೆ ಆದರೂ ಪರವಾಗಿಲ್ಲ. ಬೈನಾಕ್ಯುಲರ್ ಕೈಯಲ್ಲಿರಲಿ, ಬೆಳಗಿನ ಗಾಳಿಗೆ ಶಾಲು, ಟೋಪಿ ಇರಲಿ.

ಮೊದಲು ನೀರು ಕೆಸರಿಗೆ ತಾಕುವ ಅಂಚು. ಅಲ್ಲಿ ಕುಪ್ಪಳಿಸುವುದು ಕಪ್ಪೆಯಲ್ಲ, ಮಡ್‌ಸ್ಕಿಪ್ಪರ್ ಮೀನು. ಚರ್ಮ ಒದ್ದೆಯಾಗಿರುವವರೆಗೆ ಅದು ನೀರಿನ ಹೊರಗೂ ಉಸಿರಾಡುತ್ತದೆ, ಮುಂದಿನ ರೆಕ್ಕೆಗಳನ್ನು ಊರಿ ನಡೆಯುತ್ತದೆ. ಸ್ವಲ್ಪ ಮೇಲೆ ಬಿಲಗಳ ಬಾಯಲ್ಲಿ ಕೆಂಪು ಏಡಿಗಳು. ಗಂಡಿಗೆ ಒಂದು ಇಕ್ಕಳ ಮಾತ್ರ ದೊಡ್ಡದು, ಅದನ್ನು ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತದೆ. ಅದೇ ಕೆಸರಲ್ಲಿ ಒಣ ದಿಮ್ಮಿ ಕಂಡರೆ ಇನ್ನೊಮ್ಮೆ ನೋಡಿ. ಅದು ಉಪ್ಪುನೀರಿನ ಮೊಸಳೆ ಇರಬಹುದು.

ಇನ್ನೂ ಮೇಲೆ, ಮೊಳೆ ನೆಟ್ಟ ಹಾಗೆ ನಿಂತಿರುವುದು ಬೇರುಗಳು. ಕೆಸರಿನೊಳಗೆ ಗಾಳಿ ಸಾಲದು, ಹಾಗಾಗಿ ಗಿಡಗಳು ಬೇರನ್ನು ಮೇಲಕ್ಕೆ ಕಳಿಸಿ ಉಸಿರಾಡುತ್ತವೆ. ನಮ್ಮ ಉತ್ತರ ಕನ್ನಡದಲ್ಲಿ ಕಾಂಡ್ಲಾ ಅನ್ನುತ್ತೇವಲ್ಲ, ಅದೇ ಬಳಗ. ಸುಂದರಬನಕ್ಕೆ ಹೆಸರು ಕೊಟ್ಟದ್ದು ಸುಂದರಿ ಮರ ಎನ್ನುತ್ತಾರೆ. ಬೇರುಗಳ ನಡುವೆ ಉಡ, ಮೇಲಿನ ಕೊಂಬೆಯಲ್ಲಿ ಮಿಂಚುಳ್ಳಿ. ಕಂದು ರೆಕ್ಕೆಯ ದೊಡ್ಡ ಮಿಂಚುಳ್ಳಿ ಕಂಡರೆ ಬೇರೆಯವರಿಗೂ ತೋರಿಸಿ, ಅದು ಎಲ್ಲ ಕಡೆ ಸಿಗುವ ಹಕ್ಕಿಯಲ್ಲ.

ಉಬ್ಬರ ಬಂದಾಗ ಕೆಸರು ಮುಚ್ಚುತ್ತದೆ. ಆ ಹೊತ್ತನ್ನು ಸಜ್ನೇಖಾಲಿ, ಸುಧನ್ಯಖಾಲಿಯ ಕಾವಲು ಗೋಪುರಗಳಿಗೆ ಇಡಿ. ಪ್ರವಾಸಿಗರು ಇಳಿಯಬಹುದಾದದ್ದು ಇಂಥ ಕಡೆ ಮಾತ್ರ. ಕಾಡು ಕಾಯುವ ದೇವತೆ ಬನಬೀಬಿಯ ಗುಡಿ ಕಂಡರೆ ಒಂದು ಗಳಿಗೆ ನಿಲ್ಲಿ. ಜೇನು ಕೀಳಲು, ಏಡಿ ಹಿಡಿಯಲು ಕಾಡಿಗೆ ಹೋಗುವ ಹಿಂದೂಗಳೂ ಮುಸ್ಲಿಮರೂ ಅವಳಿಗೆ ಕೈಮುಗಿದೇ ಹೋಗುತ್ತಾರೆ. ನಾವು ನೋಡಲು ಬಂದ ಕಾಡು ಅವರಿಗೆ ಹೊಟ್ಟೆಪಾಡು. ಅವರ ದೋಣಿ ಹತ್ತಿರವಿದ್ದಾಗ ಕ್ಯಾಮೆರಾ ಕೆಳಗಿಡಿ.

ಅಗಲವಾದ ನದಿಯಲ್ಲಿ ಸಾಗುವಾಗ ನೀರಿನ ಮೇಲೂ ಕಣ್ಣಿರಲಿ. ಮೂತಿ ಇಲ್ಲದ ಗುಂಡು ತಲೆ ಮೇಲೆದ್ದರೆ ಅದು ಇರಾವದಿ ಡಾಲ್ಫಿನ್.

ಹೆಜ್ಜೆ ಓದುವುದು

ಇನ್ನು ಹುಲಿ. ಇಲ್ಲಿನ ಹುಲಿ ನದಿ, ಕಾಲುವೆಗಳನ್ನು ಈಜಿ ದಾಟುತ್ತದೆ. ನಮ್ಮ ಈಚಲಿನ ಹಾಗಿರುವ ಹೆಂತಾಲ್ ಪೊದೆಯೊಳಗೆ ಕುಳಿತರೆ ಪಟ್ಟೆ ಯಾವುದು, ಗರಿ ಯಾವುದು ತಿಳಿಯುವುದಿಲ್ಲ. ಆದ್ದರಿಂದ ಪೊದೆ ಬಿಟ್ಟು ಕೆಸರು ನೋಡಿ. ನೀರಿನಿಂದ ಕಾಡಿನತ್ತ ಆಳವಾದ ಹೆಜ್ಜೆಗಳ ಸಾಲು ಹತ್ತಿರುತ್ತದೆ. ಉಬ್ಬರದ ಗೆರೆಯ ಕೆಳಗಿನ ಗುರುತುಗಳನ್ನು ಪ್ರತಿ ಉಬ್ಬರವೂ ಅಳಿಸಿಬಿಡುತ್ತದೆ. ಅಂದರೆ ಅಲ್ಲಿ ಹೆಜ್ಜೆ ಕಂಡರೆ ಅದು ಈ ಇಳಿತದಲ್ಲೇ, ಕೆಲವೇ ಗಂಟೆಗಳ ಹಿಂದೆ ಮೂಡಿದ್ದು. ಎಂಜಿನ್ ನಿಲ್ಲಿಸಲು ಹೇಳಿ. ಮಾತು ನಿಲ್ಲಿಸಿ. ಹೆಜ್ಜೆ ಯಾವ ಕಡೆ ಹೋಗಿದೆಯೋ ಆ ದಡದ ಪೊದೆಯನ್ನು ಎಡದಿಂದ ಬಲಕ್ಕೆ, ನಿಧಾನವಾಗಿ ನೋಡುತ್ತಾ ಹೋಗಿ.