ಚಿಕ್ಕಪ್ಪ ಹೇಳಿದ ಸ್ಟಾರ್ ಟ್ರೆಕ್, ಡಿಸ್ಕಿನಲ್ಲಿ ಸಿಕ್ಕ ಸ್ಟಾರ್ ಟ್ರೆಕ್

80ರ ದಶಕದ ನಡುವಿನಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಅಂತರಿಕ್ಷ ಸರಣಿ ಬರುತ್ತಿತ್ತು. ರಾಜಾಜಿನಗರದ ನಮ್ಮ ವಠಾರದಲ್ಲಿ ಟೀವಿ ಇದ್ದದ್ದು ಚಿಕ್ಕಪ್ಪನ ಮನೆಯಲ್ಲಿ ಮಾತ್ರ. ಕಪ್ಪು-ಬಿಳುಪು ಟೀವಿ, ಮರದ ಪೆಟ್ಟಿಗೆ, ಎರಡು ಕಡೆಯಿಂದ ಎಳೆದು ಮುಚ್ಚುವ ಶಟರ್. ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಸ್ನಾನಕ್ಕೆ ಇನ್ನೂ ಹೊತ್ತಿದೆ ಎನ್ನುವಾಗ ನಾವು ಏಳೆಂಟು ಮಕ್ಕಳು ಅಲ್ಲಿ ಚಾಪೆ ಹಿಡಿಯುತ್ತಿದ್ದೆವು. ಗಾಳಿ ಜೋರಾದರೆ ಆಂಟೆನಾ ತಿರುಗಿಬಿಡುತ್ತಿತ್ತು; ಅಣ್ಣ ತಾರಸಿ ಹತ್ತಿ "ಬಂತಾ? ಈಗ ಬಂತಾ?" ಎಂದು ಕೂಗುತ್ತಿದ್ದ.

ಆ ಇಂಗ್ಲಿಷು ನಮಗೆ ಒಂದಕ್ಷರವೂ ಹತ್ತುತ್ತಿರಲಿಲ್ಲ. ಚಿಕ್ಕಪ್ಪ ಎಚ್‌ಎಂಟಿಯಲ್ಲಿ ಲೇತ್ ಆಪರೇಟರ್. ಕುರ್ಚಿಯಲ್ಲಿ ಕೂತು, ಕಾಫಿ ಲೋಟ ಕೈಯಲ್ಲಿ ಹಿಡಿದು, ನಡೆಯುತ್ತಿರುವುದನ್ನೆಲ್ಲ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದರು. "ನೋಡ್ರೋ, ಚೂಪು ಕಿವಿಯವನು ಈಗ ಆ ಬಂಡೆ ಮನಸ್ಸಿನೊಳಗೆ ಹೋಗ್ತಾನೆ." ನನ್ನ ಸ್ಟಾರ್ ಟ್ರೆಕ್ ಅಂದರೆ ಅದು: ಬೂದು ಬಣ್ಣದ ಹಡಗು, ಬೂದು ಬಣ್ಣದ ಅಂಗಿಗಳು, ಜೊತೆಗೆ ಚಿಕ್ಕಪ್ಪನ ಗಂಟಲು.

ಅಕ್ಕನ ಮಗಳು ಅಮೆರಿಕದಿಂದ ಬರುವಾಗ ಏನು ತರಲಿ ಮಾಮ ಎಂದು ಕೇಳಿದಳು. ಸ್ಟಾರ್ ಟ್ರೆಕ್‌ನ ಮೂರೂ ಸೀಸನ್ನಿನ ಬ್ಲೂ-ರೇ ಡಿಸ್ಕು ಎಂದೆ. ಒಟ್ಟು 79 ಕಂತು, ಒಂದೊಂದೂ ಸುಮಾರು 50 ನಿಮಿಷ. ಚಿಕ್ಕಪ್ಪನಿಗೆ ಈಗ 81. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಕಿವಿ ಸ್ವಲ್ಪ ಮಂದ. ಅವರಿರುವ ಮನೆ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ದಾಟಿದರೆ ಸಿಗುತ್ತದೆ. ಭಾನುವಾರಕ್ಕೊಂದು ಕಂತು, ಅದೂ ಬೆಳಗಿನ ಹೊತ್ತು, ಅವರ ಜೊತೆಗೇ ನೋಡುವುದು ಎಂದು ನಿರ್ಧರಿಸಿದೆ. ಒಂದೇ ಏಟಿಗೆ ಐದಾರು ಕಂತು ನೋಡುವ ಅಭ್ಯಾಸಕ್ಕೆ ಈ ಸರಣಿ ಒಗ್ಗುವುದಿಲ್ಲ. ವಾರಕ್ಕೊಂದು ನೋಡುವವರಿಗಾಗಿ ಬರೆದ ಕಥೆಗಳು ಇವು. ಹೆಚ್ಚುಕಡಿಮೆ ಪ್ರತಿಯೊಂದೂ ತನ್ನಷ್ಟಕ್ಕೆ ಶುರುವಾಗಿ ಮುಗಿಯುತ್ತದೆ. ಸಾಲಾಗಿ ನೋಡಿದರೆ ಒಂದರ ರುಚಿ ಇನ್ನೊಂದರ ಮೇಲೆ ಕೂತು ಎರಡೂ ಕೆಡುತ್ತವೆ.

ನೋಡುವ ಮೊದಲು ಮಾಡಿಕೊಂಡ ಸಿದ್ಧತೆಯನ್ನೂ ಹೇಳಿಬಿಡುತ್ತೇನೆ, ಇದನ್ನು ಮಾಡಹೊರಟವರಿಗೆ ಉಪಯೋಗವಾದೀತು. ಬ್ಲೂ-ರೇಯಲ್ಲಿ ಅಮೆರಿಕ ಎ ವಲಯ, ಯುರೋಪು ಬಿ, ನಾವು ಸಿ. ಡಿಸ್ಕು ಬೇರೆ ವಲಯದ್ದಾಗಿದ್ದರೆ ಇಲ್ಲಿನ ಪ್ಲೇಯರ್ ಅದನ್ನು ಒಪ್ಪದೆ ಹೋಗಬಹುದು. ಆ ಪರದಾಟವೇ ಬೇಡವೆಂದು ಎಲ್ಲ ವಲಯದ ಡಿಸ್ಕೂ ಓಡುವ ಪ್ಲೇಯರನ್ನೇ ಕೊಂಡೆ. ಹಿಂದೊಮ್ಮೆ ಗೆಳೆಯರೊಬ್ಬರಿಂದ ಬ್ರಿಟನ್ನಿನ ಡಿವಿಡಿ ತಂದು ನೋಡಿದ್ದೆ. ಸೆಕೆಂಡಿಗೆ 24 ಚೌಕಟ್ಟಿನಂತೆ ತೆಗೆದ ಫಿಲ್ಮನ್ನು ಪಾಲ್ ಎಂಬ ಟೀವಿ ಪದ್ಧತಿಯ ಡಿಸ್ಕಿನಲ್ಲಿ 25ರಂತೆ ಓಡಿಸುತ್ತಾರೆ. 50 ನಿಮಿಷದ ಕಂತು 48ಕ್ಕೇ ಮುಗಿಯುತ್ತದೆ, ದನಿ ಒಂದಿಷ್ಟು ಏರುತ್ತದೆ. ಆ ಚೂಪು ಕಿವಿಯ ಸ್ಪಾಕ್‌ನ ಗಂಭೀರ ಕಂಠ ತೆಳ್ಳಗಾಗಿ ಕೇಳಿದ್ದು ಅದಕ್ಕೇ. ಬ್ಲೂ-ರೇ 24ರಲ್ಲೇ ಓಡುವುದರಿಂದ ಆ ಪಾತ್ರದ ಲೆನರ್ಡ್ ನಿಮಾಯ್ ಅವರ ದನಿ ಇದ್ದ ಹಾಗೇ ಸಿಗುತ್ತದೆ.

ಟೀವಿಯಲ್ಲಿ ಮೂರು ಕೆಲಸ ಮಾಡಿದೆ. ಚಿತ್ರವನ್ನು ಅಗಲಕ್ಕೆ ಎಳೆಯುವುದನ್ನು ತೆಗೆದೆ. ಈ ಸರಣಿ 4:3 ಅಳತೆಯದು, ಎಡಬಲಕ್ಕೆ ಕಪ್ಪು ಪಟ್ಟಿ ಇರಲೇಬೇಕು. ಎಳೆದರೆ ಕ್ಯಾಪ್ಟನ್ ಕರ್ಕ್‌ನ ಮುಖ ಒತ್ತಿದ ರೊಟ್ಟಿಯಂತಾಗುತ್ತದೆ. ಚಲನೆಯನ್ನು ನುಣುಪು ಮಾಡುವ ಸೌಕರ್ಯವನ್ನು ಆಫ್ ಮಾಡಿದೆ, ಅದಿದ್ದರೆ ಸಿನಿಮಾ ಹೋಗಿ ಸೀರಿಯಲ್ ಶೂಟಿಂಗ್ ನೋಡಿದ ಹಾಗಾಗುತ್ತದೆ. ಶಾರ್ಪ್‌ನೆಸ್ ಪೂರಾ ಇಳಿಸಿದೆ. ಧ್ವನಿಗೆ ಹಲವು ಸ್ಪೀಕರುಗಳಿಗೆ ಹೊಸದಾಗಿ ಹಂಚಿದ ಸರೌಂಡ್ ಟ್ರ್ಯಾಕ್ ಇದ್ದರೂ ಹಳೆಯ ಮೋನೋ ಟ್ರ್ಯಾಕನ್ನೇ ಆರಿಸಿದೆ. ಆ ಬಾಗಿಲಿನ 'ಶ್ಶೂ' ಸದ್ದು ಒಂದೇ ಸ್ಪೀಕರಿನಿಂದ ಬಂದರೇನೇ ನನಗೆ ಅದು ಬಾಗಿಲು. ಚಿಕ್ಕಪ್ಪನ ಕಿವಿಗೋಸ್ಕರ ಇಂಗ್ಲಿಷ್ ಸಬ್‌ಟೈಟಲ್ ಹಾಕಿದೆ. ಎಲ್ಲಕ್ಕಿಂತ ಹೆಚ್ಚು ಬದಲಾವಣೆ ತಂದದ್ದು ಅದೇ, ಆ ವಿಷಯ ಮುಂದೆ ಬರುತ್ತದೆ.

ಮೊದಲ ಭಾನುವಾರ ಬೆರಗಾದದ್ದು ಬಣ್ಣಕ್ಕೆ. ನಮಗೆ ಎಲ್ಲರ ಅಂಗಿಯೂ ಒಂದೇ. ಹಡಗು ನಡೆಸುವ ಅಧಿಕಾರಿಗಳದ್ದು ಹಳದಿ, ವಿಜ್ಞಾನದವರದ್ದು ನೀಲಿ, ಯಂತ್ರ ಮತ್ತು ಕಾವಲಿನವರದ್ದು ಕೆಂಪು ಎಂಬುದು ಸ್ಟಾರ್ ಟ್ರೆಕ್ ಬಲ್ಲ ಇಡೀ ಲೋಕಕ್ಕೆ ಗೊತ್ತಿದ್ದ ಸಂಗತಿ, ನನಗೆ ಮಾತ್ರ ನಲವತ್ತು ವರ್ಷ ತಡವಾಗಿ ಕಂಡಿತು. ಆ ಹಳದಿಯೂ ನಿಜಕ್ಕೆ ಹಳದಿಯಲ್ಲ. ಬಟ್ಟೆ ಹಸಿರು ಛಾಯೆಯದು. ಸ್ಟುಡಿಯೋ ದೀಪದಲ್ಲಿ, ಫಿಲ್ಮಿನ ಮೇಲೆ ಹೊನ್ನಿನ ಬಣ್ಣಕ್ಕೆ ತಿರುಗಿತು. ಹಡಗಿನ ಗೋಡೆಗಳಿಗೆ ಬಳಿದಿರುವುದು ಬರೀ ಬೂದು. ಛಾಯಾಗ್ರಾಹಕ ಜೆರ್ರಿ ಫಿನ್ನರ್‌ಮನ್ ದೀಪಗಳಿಗೆ ಬಣ್ಣದ ಹಾಳೆ ಕಟ್ಟಿ ಅದೇ ಗೋಡೆಗೆ ಒಮ್ಮೆ ನೇರಳೆ, ಒಮ್ಮೆ ಹಸಿರು ಚೆಲ್ಲುತ್ತಿದ್ದರು. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ಎಂಬ ಟೀವಿ ಜಾಲದಲ್ಲಿ ಮೊದಲ ಕಂತು ಬಂದಾಗ ಅಮೆರಿಕದಲ್ಲಿ ಬಣ್ಣದ ಟೀವಿಯ ಹೊಸ ಹುರುಪು. ಎನ್‌ಬಿಸಿಯ ಒಡೆತನವೂ ಬಣ್ಣದ ಟೀವಿ ಮಾರುತ್ತಿದ್ದ ಆರ್‌ಸಿಎ ಕಂಪನಿಯದೇ. ಬರೀ ಬಣ್ಣ ತೋರಿಸಲೆಂದೇ ಇಷ್ಟು ಕಷ್ಟಪಟ್ಟ ಸರಣಿಯನ್ನು ನಾವು ಬಣ್ಣವಿಲ್ಲದೆ ನೋಡಿ, ಅಷ್ಟೊಂದು ಹಚ್ಚಿಕೊಂಡಿದ್ದೆವು.

ಚಿಕ್ಕಪ್ಪನ ಕಣ್ಣು ಹೋದದ್ದು ಬೇರೆ ಕಡೆ. ಹಡಗಿನ ಡಾಕ್ಟರ್ ಮೆಕಾಯ್ ರೋಗಿಯ ಮೇಲೆ ಆಡಿಸುವ ಸಣ್ಣ ಸಲಕರಣೆ ಬಂದಾಗ ನಿಲ್ಲಿಸು ಎಂದರು. ಎದ್ದು ಟೀವಿ ಹತ್ತಿರ ಹೋಗಿ ನೋಡಿದರು. "ಇದು ಅಡುಗೆಮನೆ ಸಾಮಾನು ಕಣೋ." ಅವರ ಮಾತು ನಿಜ. ಮೊದಲ ಕಂತಿನಲ್ಲಿ ಉಪ್ಪಿಗಾಗಿ ಹಪಹಪಿಸುವ ಪ್ರಾಣಿ ಬರುತ್ತದೆ. ಅದಕ್ಕೆಂದು ಹೊಸ ವಿನ್ಯಾಸದ ಉಪ್ಪಿನ ಡಬ್ಬಿಗಳನ್ನು ಕೊಂಡಿದ್ದರು. ನೋಡುವವರಿಗೆ ಅವು ಉಪ್ಪಿನ ಡಬ್ಬಿ ಎಂದೇ ಗೊತ್ತಾಗಲಾರದೆಂದು ಬಿಟ್ಟು ಸಾದಾ ಡಬ್ಬಿ ಬಳಸಿದರು, ಉಳಿದವು ಡಾಕ್ಟರರ ಚೀಲ ಸೇರಿದವು. ಇಷ್ಟು ವರ್ಷ ಲೋಹ ತಿರುವಿದ ಕೈ, ಅರ್ಧ ನಿಮಿಷದಲ್ಲಿ ಪತ್ತೆ ಮಾಡಿತು.

ಈ ಡಿಸ್ಕುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ರಿಮೋಟಿನ ಆಂಗಲ್ ಗುಂಡಿ. 2006ರಿಂದ ಸರಣಿಯ ಮೂಲ ಫಿಲ್ಮನ್ನು ಹೊಸದಾಗಿ ಸ್ಕ್ಯಾನ್ ಮಾಡಿ, ಹಡಗು, ಗ್ರಹ, ಕಿರಣಗಳ ದೃಶ್ಯಗಳನ್ನೆಲ್ಲ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದರು. 2009ರಲ್ಲಿ ಬ್ಲೂ-ರೇ ಬಂದಾಗ ಹಳೆಯದನ್ನೂ ಬಿಡದೆ ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟರು. ನೋಡುತ್ತಿರುವಾಗಲೇ ಗುಂಡಿ ಒತ್ತಿದರೆ ಹೊಸ ಹಡಗು ಹೋಗಿ ಹಳೆಯ ಹಡಗು ಬರುತ್ತದೆ. ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆದುಬಿಡುವವರ ನಡುವೆ ಇದು ದೊಡ್ಡ ಮನಸ್ಸು. ಈ ಕೆಲಸ ಮಾಡಿದವರ ಮೇಲೆ ನನಗೆ ಗೌರವವಿದೆ.

ನಾನು ಎಲ್ಲ ಕಂತುಗಳನ್ನೂ ಹಳೆಯ ಆಂಗಲ್‌ನಲ್ಲೇ ನೋಡಿದೆ. ಹಳೆಯದರಲ್ಲಿ ಕೆಲಸದ ಗುರುತು ಉಳಿದಿದೆ. ಮನುಷ್ಯರು ಕರಗಿ ಇನ್ನೊಂದು ಕಡೆ ಮೂಡುವ ಟ್ರಾನ್ಸ್‌ಪೋರ್ಟರ್ ದೃಶ್ಯವನ್ನು ಗಮನಿಸಿ. ಮಿನುಗು ಶುರುವಾಗುವುದಕ್ಕೂ ಕ್ಷಣ ಮುಂಚೆ ಇಡೀ ಚಿತ್ರ ಸ್ವಲ್ಪ ಒರಟಾಗುತ್ತದೆ, ರವೆ ಉದುರಿಸಿದಂತೆ. ಬೇರೆಬೇರೆ ಫಿಲ್ಮುಗಳನ್ನು ಒಂದರ ಮೇಲೊಂದು ಇಟ್ಟು ಮತ್ತೆ ಫಿಲ್ಮಿಗೆ ಇಳಿಸುತ್ತಿದ್ದರು. ಪ್ರತಿ ಸಲ ಇಳಿಸಿದಾಗಲೂ ಫಿಲ್ಮಿನ ಕಣ ದಪ್ಪವಾಗುತ್ತದೆ. ಆ ಮಿನುಗು ಅಲ್ಯುಮಿನಿಯಂ ಪುಡಿ. ಕಪ್ಪು ಹಿನ್ನೆಲೆಯಲ್ಲಿ, ದೀಪದ ಬೆಳಕಿನಲ್ಲಿ ಪುಡಿ ಉದುರುವುದನ್ನು ನಿಧಾನಗತಿಯಲ್ಲಿ ಚಿತ್ರಿಸಿದ್ದು. ವಾರವಾರ ಹಡಗನ್ನು ಗ್ರಹದ ಮೇಲೆ ಇಳಿಸುವಷ್ಟು ಹಣವಿಲ್ಲದೆ ಹೊಳೆದ ಉಪಾಯ ಈ ಟ್ರಾನ್ಸ್‌ಪೋರ್ಟರ್. ಹಾಗೆಯೇ ಎಂಟರ್‌ಪ್ರೈಸ್ ಎಂಬ ಇವರ ಹಡಗು ನಮಗೆ ಬಹುಮಟ್ಟಿಗೆ ಬಲಮಗ್ಗುಲನ್ನೇ ತೋರಿಸುತ್ತದೆ. 11 ಅಡಿ ಉದ್ದದ ಮಾದರಿಗೆ ಒಳಗಿನಿಂದ ದೀಪ ಹಾಕಿದಾಗ ತಂತಿಗಳೆಲ್ಲ ಎಡಗಡೆಯಿಂದ ಹೊರಬಂದವು. ಆ ಮಾದರಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಾಯು ಮತ್ತು ಅಂತರಿಕ್ಷ ಮ್ಯೂಸಿಯಮ್ಮಿನಲ್ಲಿದೆ. ಅಕ್ಕನ ಮಗಳು ಅಲ್ಲಿಗೆ ಹೋದಾಗ ನನಗೋಸ್ಕರ ಎಡಮಗ್ಗುಲಿನ ಫೋಟೋ ತೆಗೆದು ಕಳಿಸಿದಳು. ಕ್ಯಾಮೆರಾ ಕಾಣದ ಆ ಕಡೆ ಬೋಳುಬೋಳು.

ಈಗ ಗೋರ್ನ್ ವಿಷಯ. 1967ರ ಜನವರಿಯಲ್ಲಿ ಬಂದ 'ಅರೀನಾ' ಎಂಬ ಕಂತು. ಲಾಸ್ ಏಂಜಲೀಸ್ ಹತ್ತಿರದ ವಾಸ್ಕ್ವೆಜ್ ಬಂಡೆಗಳ ನಡುವೆ ಕರ್ಕ್ ಒಬ್ಬನೇ, ಎದುರಿಗೆ ಹಲ್ಲಿಯ ಮುಖದ, ಆಳೆತ್ತರದ ಗೋರ್ನ್. ಕರ್ಕ್ ಅಲ್ಲೇ ಸಿಗುವ ಗಂಧಕ, ಪೆಟ್ಲುಪ್ಪು, ಇದ್ದಿಲು ಕೂಡಿಸಿ, ಬಿದಿರಿನಂಥ ಕೊಳವೆಗೆ ತುಂಬಿ, ವಜ್ರದ ಕಲ್ಲುಗಳನ್ನೇ ಗುಂಡಾಗಿ ಹಾಕಿ ಹೊಡೆಯುತ್ತಾನೆ. ನಾವು ಅದನ್ನು ನೋಡಿದ ವರ್ಷದ ದೀಪಾವಳಿಯಲ್ಲಿ ವಠಾರದ ಮಕ್ಕಳೆಲ್ಲ ಸಿಡಿಯದ ಪಟಾಕಿ ಬಿಚ್ಚಿ ಮದ್ದು ಕೂಡಿಸಿದ್ದೆವು. ಚಿಕ್ಕಪ್ಪ ಕಂಡು ಎಲ್ಲವನ್ನೂ ನೀರಿಗೆ ಸುರಿಸಿದರು. ಕೊನೆಗೆ ಕರ್ಕ್ ಬಿದ್ದ ಗೋರ್ನ್‌ನನ್ನು ಕೊಲ್ಲುವುದಿಲ್ಲ. ಏಕೆ ಎಂದು ನಾವು ಕೇಳಿದಾಗ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಬಿದ್ದವನನ್ನ ಹೊಡೀಬಾರದು. ಅದಕ್ಕೆ."

ಈ ಸಲ ಸಬ್‌ಟೈಟಲ್ ಹೇಳಿದ್ದು ಬೇರೆ. ಮನುಷ್ಯರ ವಸಾಹತನ್ನು ಗೋರ್ನ್‌ಗಳು ಸುಟ್ಟದ್ದು ನಿಜ. ಆದರೆ ಆ ಜಾಗ ತಮ್ಮದು, ಮನುಷ್ಯರೇ ಒಳನುಗ್ಗಿದವರು ಎಂಬುದು ಗೋರ್ನ್‌ನ ಮಾತು. ಹಡಗಿನಲ್ಲಿ ಕೂತು ನೋಡುತ್ತಿರುವ ಮೆಕಾಯ್‌ಗೂ ಇದರಲ್ಲಿ ನ್ಯಾಯವಿರಬಹುದೇನೋ ಎನ್ನಿಸುತ್ತದೆ. ಕರ್ಕ್ ಕೈ ತಡೆಯುವುದು ಈ ಅನುಮಾನದಿಂದ. ಬರೀ ಕನಿಕರಕ್ಕಿಂತ ಇದು ತುಂಬ ಮೇಲಿನ ಮಾತು: ತಪ್ಪು ನಮ್ಮದೇ ಇರಬಹುದು. ಕಂತು ಮುಗಿದ ಮೇಲೆ ನಾನು ಕೇಳಿದೆ, "ಚಿಕ್ಕಪ್ಪ, ಇದನ್ನ ನೀವು ಆಗ ಹೇಳಿರಲಿಲ್ಲವಲ್ಲ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೆಲ್ಲಿ ಗೊತ್ತಾಗ್ತಿತ್ತು ಪುಟ್ಟ? ಅಷ್ಟು ಬೇಗ ಮಾತಾಡೋರು. ಮುಖ ನೋಡ್ಕೊಂಡು, ಕೈ ನೋಡ್ಕೊಂಡು ಹೇಳ್ತಿದ್ದೆ. ನೀವೆಲ್ಲ ಕೇಳ್ತಿದ್ರಲ್ಲ, ಏನಾದ್ರೂ ಹೇಳಬೇಕಿತ್ತು."

ನಲವತ್ತು ವರ್ಷ ನಾನು ಅದನ್ನು ಅನುವಾದ ಎಂದುಕೊಂಡಿದ್ದೆ. ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಕಂತಿಗೂ ಮುಂಚೆ ಚಿಕ್ಕಪ್ಪನಿಗೆ ಅಥವಾ ನನಗೆ ನೆನಪಿದ್ದ ಕಥೆಯನ್ನು ಎಡಪುಟದಲ್ಲಿ ಬರೆಯುವುದು, ನೋಡಿದ ಮೇಲೆ ಇದ್ದ ಕಥೆಯನ್ನು ಬಲಪುಟದಲ್ಲಿ. ಹಳೆಯ ಸರಣಿಯೊಂದನ್ನು ಮತ್ತೆ ನೋಡುವವರಿಗೆ ನನ್ನ ಒಂದೇ ಕೋರಿಕೆ ಇದು: ಡಿಸ್ಕು ಹಾಕುವ ಮುಂಚೆ ನೆನಪನ್ನು ಬರೆದಿಡಿ. ನೋಡಿದ ಹತ್ತು ನಿಮಿಷದಲ್ಲಿ ಹೊಸ ಚಿತ್ರ ಹಳೆಯದರ ಮೇಲೆ ಕೂತುಬಿಡುತ್ತದೆ. ಆಮೇಲೆ ಯಾವ ಆಂಗಲ್ ಗುಂಡಿಯೂ ಅದನ್ನು ಮರಳಿ ತರುವುದಿಲ್ಲ.

ಎಡಪುಟ, ಬಲಪುಟ ಪೂರ್ತಿ ಕೂಡಿದ್ದು ಒಂದು ಕಡೆ. 'ದಿ ಡೆವಿಲ್ ಇನ್ ದಿ ಡಾರ್ಕ್', 1967ರ ಮಾರ್ಚಿನದು. ಗಣಿಯಲ್ಲಿ ಕೆಲಸಗಾರರನ್ನು ಕೊಲ್ಲುತ್ತಿರುವ ಹೋರ್ಟಾ ಎಂಬ ಸಿಲಿಕಾನ್ ಜೀವಿ. ತೆವಳುವ ಬಂಡೆಯಂಥ ಆ ವೇಷದೊಳಗೆ ಇದ್ದವರು ಯಾನೋಶ್ ಪ್ರೊಹಾಸ್ಕಾ. ಗಣಿಯವರು ಬೆಲೆಯಿಲ್ಲದ ಉಂಡೆಗಲ್ಲುಗಳೆಂದು ಒಡೆದು ಹಾಕುತ್ತಿದ್ದದ್ದು ಅದರ ಮೊಟ್ಟೆಗಳನ್ನು. ಸ್ಪಾಕ್ ಅದರ ಮೈಮೇಲೆ ಕೈಯಿಟ್ಟು ಅದರ ನೋವನ್ನು ತಾನೇ ಕೂಗುತ್ತಾನೆ. ಚಿಕ್ಕಪ್ಪ ಅಂದು ಹೇಳಿದ್ದು ಮೂರೇ ಪದ: "ಅದು ತಾಯಿ ಕಣ್ರೋ." ಭಾಷೆ ಗೊತ್ತಿಲ್ಲದವನಿಗೂ ಮುಟ್ಟುವಂತೆ ಆ ದೃಶ್ಯವನ್ನು ನಿಮಾಯ್ ನಟಿಸಿದ್ದಾರೆ. ಈ ಕಂತಿನ ಚಿತ್ರೀಕರಣದ ನಡುವೆಯೇ ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ ಅವರ ತಂದೆ ತೀರಿಕೊಂಡರು ಎಂಬುದು ಆಮೇಲೆ ಓದಿ ತಿಳಿಯಿತು. ಒಂದೇ ಕಂತು ನೋಡಲು ಪುರುಸೊತ್ತಿರುವವರು ಇದನ್ನು ನೋಡಲಿ.

ಮೂರನೆಯ ಸೀಸನ್ ಇಳಿಮುಖ, ಮುಚ್ಚಿಡುವುದೇನಿಲ್ಲ. ಅಭಿಮಾನಿಗಳ ಪತ್ರಗಳ ರಾಶಿಯಿಂದ ಉಳಿದುಕೊಂಡ ಸರಣಿಯನ್ನು ಶುಕ್ರವಾರ ರಾತ್ರಿ 10 ಗಂಟೆಗೆ ತಳ್ಳಿದರು, ಹಣ ಕಡಿಮೆ ಮಾಡಿದರು. ಸೆಟ್ಟುಗಳಲ್ಲೇ ಅದು ಕಾಣುತ್ತದೆ. ಕೊನೆಯ ಕಂತಿನಲ್ಲಿ ಹಡಗಿನ ಕ್ಯಾಪ್ಟನ್ನರ ಲೋಕದಲ್ಲಿ ಹೆಂಗಸರಿಗೆ ಜಾಗವಿಲ್ಲ ಎಂಬ ಮಾತು ಬಂದಾಗ ನನ್ನ ಮಗಳು ಎದ್ದು ಹೋದಳು. ಅವಳು ಹೋದದ್ದು ಸರಿಯೇ. ಉಹುರಾಳಂಥ ಕಪ್ಪು ಮಹಿಳಾ ಅಧಿಕಾರಿಯನ್ನು 1966ರಲ್ಲೇ ಹಡಗು ನಡೆಸುವ ಕೋಣೆಯಲ್ಲಿ ಕೂರಿಸಿದ ಸರಣಿ ಈ ಮಾತನ್ನು ಆಡಬಾರದಿತ್ತು.

ಆ ಕೊನೆಯ ಕಂತು ಅಲ್ಲಿ ಬಂದದ್ದು 1969ರ ಜೂನ್ 3ರಂದು. ಏಳು ವಾರ ತುಂಬುವ ಮೊದಲೇ ಮನುಷ್ಯ ಚಂದ್ರನ ಮೇಲೆ ಇಳಿದ. ಅದನ್ನು ಹೇಳಿದಾಗ ಚಿಕ್ಕಪ್ಪ, ಆ ಸುದ್ದಿಯನ್ನು ತಾವು ಹೋಟೆಲಿನ ರೇಡಿಯೋದಲ್ಲಿ ಕೇಳಿದ್ದನ್ನೂ, ದೋಸೆ ಆರಿಹೋಗುವವರೆಗೆ ಯಾರೂ ಏಳದಿದ್ದದ್ದನ್ನೂ ಹೇಳಿದರು. 79 ಕಂತಿಗೆ ಒಂದೂವರೆ ವರ್ಷ ಸಾಲಲಿಲ್ಲ; ಮದುವೆ, ಮುಂಜಿ, ಅವರ ಒಂದು ಜ್ವರ, ಎಲ್ಲ ಸೇರಿ ಎರಡು ವರ್ಷ ಹತ್ತಿರ ಆಯಿತು. ನೋಟ್‌ಬುಕ್ಕಿನಲ್ಲಿ ಇನ್ನೂ ಹಾಳೆ ಉಳಿದಿವೆ.

ಕೊನೆಯ ಕಂತು ನೋಡಿದ ಮುಂದಿನ ಭಾನುವಾರ, ಕರೆಯದಿದ್ದರೂ ಚಿಕ್ಕಪ್ಪ ಅದೇ ಹೊತ್ತಿಗೆ ಬಂದು ಕೂತರು. "ಅರೀನಾ ಹಾಕು," ಎಂದರು. ಹಾಕಿದೆ. ಡಿಸ್ಕು ಹೊಸ ಆಂಗಲ್‌ನಲ್ಲಿ ಶುರುವಾಗಿತ್ತು. ಹೊಸದನ್ನು ಕಟ್ಟಿದವರು ಗೋರ್ನ್‌ನ ಮುಖವಾಡದ ಕಣ್ಣಿಗೆ ರೆಪ್ಪೆ ಕೊಟ್ಟಿದ್ದಾರೆ. ಬಂಡೆಯ ಮರೆಯಲ್ಲಿ ನಿಂತು ಅದು ಕಣ್ಣು ಮಿಟುಕಿಸಿತು. ಚಿಕ್ಕಪ್ಪ ಕೈ ಎತ್ತಿದರು.

"ಇದಲ್ಲ. ನಮ್ಮದು ರೆಪ್ಪೆ ಬಡೀತಿರಲಿಲ್ಲ. ಅದನ್ನ ಹಾಕು."

ಗುಂಡಿ ಒತ್ತಿದೆ.