ಹಿತ್ತಾಳೆ ತಂತಿಯ ಟೈಗರ್ ಮಾತ್: ನನ್ನ ಅನುಭವ

ಟೈಗರ್ ಮಾತ್ ಎಂಬುದು ಮೇಲೊಂದು ಕೆಳಗೊಂದು ರೆಕ್ಕೆಯಿರುವ ಹಳೆಯ ತರಬೇತಿ ವಿಮಾನ. ಅದರ 1:72 ಅಳತೆಯ, ಅಂದರೆ ನಿಜದ 72ರಲ್ಲಿ ಒಂದು ಪಾಲಿನ ಮಾದರಿಗೆ ರೆಕ್ಕೆಗಳ ನಡುವೆ ಲೋಹದ ತಂತಿಗಳನ್ನೇ ಹಾಕುತ್ತೇನೆ, ಮೇಲಿನ ರೆಕ್ಕೆಯನ್ನು ಒಡಲಿನ ಮೇಲೆ ಎತ್ತಿ ಹಿಡಿಯುವ ನಡುಗಂಬಗಳನ್ನು ಬೆಸುಗೆ ಹಾಕಿ ಕೂರಿಸುತ್ತೇನೆ ಎಂದಾಗ ಮಾದರಿ ಕಟ್ಟುವ ನನ್ನ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಹಿತ್ತಾಳೆ ಬಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಕೊನೆಗೆ ನೀವೂ ಎಲಾಸ್ಟಿಕ್ ದಾರಕ್ಕೇ ಬರುತ್ತೀರಿ" ಎಂದು ಬೆಂಗಳೂರಿನ ಹಿರಿಯ ಗೆಳೆಯರೊಬ್ಬರು ಖಚಿತವಾಗಿ ಹೇಳಿದ್ದರು. ವಿಮಾನ ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಒಂದು ಬೇಸಿಗೆಯನ್ನೂ ಒಂದು ಪೂರ್ತಿ ಮುಂಗಾರನ್ನೂ ದಾಟಿದೆ. ಒಂದು ತಂತಿಯೂ ಜೋಲು ಬಿದ್ದಿಲ್ಲ. ಅದೇ ಗೆಳೆಯರು ಕಳೆದ ತಿಂಗಳು ಬಂದು, ಭೂತಗನ್ನಡಿ ಹಿಡಿದು ನೋಡಿ, ಹೇಗೆ ಮಾಡಿದಿರಿ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದಾರ ಬೇಡ ಎಂಬ ಹಟಕ್ಕೆ ಕಾರಣವಿದೆ. ನಿಜವಾದ ಟೈಗರ್ ಮಾತ್‌ನ ತಂತಿಗಳು ದುಂಡಗಿಲ್ಲ. ಗಾಳಿಯನ್ನು ಸೀಳುವಂತೆ ಚಪ್ಪಟೆಯಾಗಿ ಎಳೆದ ಉಕ್ಕಿನ ಪಟ್ಟಿಗಳು ಅವು. ಒಂದು ಕಡೆಯಿಂದ ನೋಡಿದರೆ ಕಾಣುತ್ತವೆ, ಸ್ವಲ್ಪ ತಿರುಗಿಸಿದರೆ ಮಾಯವಾಗುತ್ತವೆ. ದುಂಡು ದಾರ ಎಷ್ಟೇ ತೆಳ್ಳಗಿದ್ದರೂ ಆ ಆಟ ಆಡುವುದಿಲ್ಲ. ಫೋಟೋ ಎಚ್ ಹಾಳೆಯಲ್ಲಿ, ಅಂದರೆ ರಾಸಾಯನಿಕದಿಂದ ಭಾಗಗಳನ್ನು ಕೊರೆದ ತೆಳು ಹಿತ್ತಾಳೆ ತಗಡಿನಲ್ಲಿ, ಬರುವ ಪಟ್ಟಿ ಆಡುತ್ತದೆ. ನನಗೆ ಅಷ್ಟು ಸಾಕಿತ್ತು.

ಕಿಟ್ ನೋಡಿದವರು ಹೆದರುವುದು ಸಹಜವೇ. ನಿಜ ವಿಮಾನದ ರೆಕ್ಕೆಯಗಲ 8.94 ಮೀಟರ್, ಅಂದರೆ ಮಾದರಿಯಲ್ಲಿ ಹನ್ನೆರಡೂವರೆ ಸೆಂಟಿಮೀಟರ್‌ಗೂ ತುಸು ಕಡಿಮೆ. ಪ್ಲಾಸ್ಟಿಕ್ ಭಾಗಗಳು ಕೆಲವೇ, ಹಿತ್ತಾಳೆ ಹಾಳೆಗಳು ಎರಡು. ಬಾಗಿಲಿನ ಚಿಲಕ, ಚುಕ್ಕಾಣಿಯ ಕೊಂಬು, ಬೆಲ್ಟಿನ ಬಕಲ್ ಮುಂತಾದವು ರಾಗಿ ಕಾಳಿಗಿಂತ ಚಿಕ್ಕವು. ಚಿಮುಟದಿಂದ ಜಿಗಿದರೆ ಮತ್ತೆ ಸಿಗುವುದಿಲ್ಲ, ಅಯಸ್ಕಾಂತಕ್ಕೂ ಹಿತ್ತಾಳೆ ಬರುವುದಿಲ್ಲ. ಬಿಳಿ ಪಂಚೆಯ ಒಂದು ಅಂಚನ್ನು ಮೇಜಿನ ಕೆಳಗೆ ಪಿನ್ನು ಹೊಡೆದು, ಇನ್ನೊಂದು ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತೆ. ಚಿನ್ನದ ಪುಡಿ ನೆಲಕ್ಕೆ ಬೀಳದಂತೆ ಅಕ್ಕಸಾಲಿಗರು ಇದನ್ನು ಮೊದಲಿನಿಂದ ಮಾಡುತ್ತಾರೆ. ಹಾಗೆ ಕೂತ ಮೇಲೆ ನಾನು ಒಂದು ತುಂಡನ್ನೂ ಕಳೆದುಕೊಂಡಿಲ್ಲ.

ಮೊದಲು ಎಲ್ಲರಂತೆ ಸೂಪರ್ ಗ್ಲೂ ಹಿಡಿದೆ. ಮಲೆನಾಡಿನ ಜುಲೈನಲ್ಲಿ ಅದನ್ನು ನಂಬುವ ಹಾಗಿಲ್ಲ. ಗಾಳಿಯ ತೇವಕ್ಕೆ ಅಂಟು ಬೇಗ ಗಟ್ಟಿಯಾಗುತ್ತದೆ, ಭಾಗವನ್ನು ಸರಿಸಿ ಕೂರಿಸುವಷ್ಟು ಸಮಯವನ್ನೇ ಕೊಡುವುದಿಲ್ಲ. ತೆರೆದ ಬಾಟಲಿ ಕೆಲವೇ ದಿನಗಳಲ್ಲಿ ಜೇನಾಗಿ, ಆಮೇಲೆ ಕಲ್ಲಾಗುತ್ತದೆ. ಇನ್ನೂ ದೊಡ್ಡ ತೊಂದರೆ ಎಂದರೆ, ಲೋಹಕ್ಕೆ ಲೋಹವನ್ನು ಅಂಚಿನಲ್ಲಿ ಅಂಟಿಸಿದರೆ ಅದು ಎಳೆತವನ್ನು ತಡೆದೀತು, ಬದಿಯ ಪೆಟ್ಟನ್ನು ತಡೆಯದು. ನಡುಗಂಬ ನಿಂತಿತು ಎಂದುಕೊಂಡು ಮೇಲಿನ ರೆಕ್ಕೆ ಇಟ್ಟರೆ ಟಕ್ಕೆಂದು ಕಳಚುತ್ತಿತ್ತು. ಮತ್ತೆ ಅಂಟಿಸಲು ಹಳೆಯ ಅಂಟನ್ನು ಕೆರೆದರೆ ಕಂಬ ಸೊಟ್ಟಗಾಗುತ್ತಿತ್ತು. ಹೀಗೆ ಮೊದಲ ಹಾಳೆಯ ಅರ್ಧ ಹೋಯಿತು.

ಟೈಗರ್ ಮಾತ್ ಕಟ್ಟುವಾಗ ಎಲ್ಲವೂ ಈ ನಾಲ್ಕು ನಡುಗಂಬಗಳ ಮೇಲೆಯೇ ನಿಂತಿರುತ್ತದೆ. ಮುಂದಿನ ಆಸನದಲ್ಲಿ ಕೂತವರು ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಲು ಜಾಗವಿರಲಿ ಎಂದು ವಿಮಾನ ತಯಾರಿಸಿದ ಡಿ ಹ್ಯಾವಿಲ್ಯಾಂಡ್ ಕಂಪನಿಯವರು ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ತಳ್ಳಿದರು. ಅದರಿಂದ ತೂಕದ ಲೆಕ್ಕ ತಪ್ಪದಿರಲಿ ಎಂದು ರೆಕ್ಕೆಗಳನ್ನು ಹಿಂದಕ್ಕೆ ಓರೆ ಮಾಡಿದರು. ಹಾಗಾಗಿ ಯಾವ ಕಂಬವೂ ನೆಟ್ಟಗಿಲ್ಲ. ಒಂದು ಕಂಬ ಅರ್ಧ ಮಿಲಿಮೀಟರ್ ಆಚೀಚೆಯಾದರೆ ರೆಕ್ಕೆಯ ತುದಿಯಲ್ಲಿ ಅದು ಎರಡು ಮಿಲಿಮೀಟರ್ ಆಗಿ ಕಾಣುತ್ತದೆ. ಈ ನಾಲ್ಕನ್ನೂ ವಿಮಾನದ ಮೇಲೆ ಒಂದೊಂದಾಗಿ ನಿಲ್ಲಿಸುವ ಕ್ರಮವನ್ನು ಅಲ್ಲಿಗೇ ಕೈಬಿಟ್ಟೆ. ಹೊರಗೆ ಲೋಹದ ಪಂಜರವನ್ನಾಗಿ ಬೆಸೆದು, ಇಡಿಯಾಗಿ ಒಳಗೆ ಇಳಿಸುವುದೆಂದು ತೀರ್ಮಾನಿಸಿದೆ.

ಬೆಸುಗೆಗಾಗಿ ಮಾರ್ಕೆಟ್ ರಸ್ತೆಯ ಕಡೆಯ ಹಿರಿಯ ಅಕ್ಕಸಾಲಿಗರೊಬ್ಬರ ಬಳಿ ಹೋದೆ. ಅವರು ನಗಲಿಲ್ಲ. ತುಂಡನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಬಿಳಿಗಾರ ಹಚ್ಚಿ, ಊದುಗೊಳವೆಯಿಂದ ಒಂದು ಬೆಸುಗೆ ಹಾಕಿ ತೋರಿಸಿದರು. ಬೆಸುಗೆ ಅದ್ಭುತವಾಗಿತ್ತು. ಆದರೆ ಉರಿ ತಗುಲಿದ ಹಿತ್ತಾಳೆ ಕೆಂಪಾಗಿ, ತಣಿದ ಮೇಲೆ ಮೆತ್ತಗಾಯಿತು. ಮೆತ್ತಗಾದ ಪಟ್ಟಿ ನೆಟ್ಟಗೆ ನಿಲ್ಲುವುದಿಲ್ಲ. ಬಾಗಿಸಬೇಕಾದ ಭಾಗಕ್ಕೆ ಅದು ವರ, ತಂತಿಗೆ ಶಾಪ. ಉರಿ ಕೆಲಸಕ್ಕೆ ಬರಲಿಲ್ಲ, ಅವರು ಹೇಳಿದ ಎರಡು ಮಾತುಗಳು ಬಂದವು. ಮೊದಲನೆಯದು, "ಗಟ್ಟಿ ಬೆಸುಗೆ ಮೊದಲು, ಇಳಿ ಬೆಸುಗೆ ಆಮೇಲೆ. ಎರಡನೆಯದಕ್ಕೆ ಕಾಯಿಸುವಾಗ ಮೊದಲನೆಯದು ಬಿಡಬಾರದು." ಎರಡನೆಯದು, ಬೆಸುಗೆ ಹರಿಯಬಾರದ ಜಾಗಕ್ಕೆ ಕೆಮ್ಮಣ್ಣು ಬಳಿಯಬೇಕು. ರಂಗೋಲಿಯ ಅಂಚಿಗೆ ಬಳಸುವ ಕೆಮ್ಮಣ್ಣನ್ನೇ ನೀರಿನಲ್ಲಿ ಕಲಸಿ ಸಣ್ಣ ಕುಂಚದಲ್ಲಿ ಹಚ್ಚಿದೆ. ಬೆಸುಗೆ ಅಲ್ಲಿಗೆ ಬಂದು ಗೆರೆ ಕೊಯ್ದಂತೆ ನಿಂತಿತು. ಪೆನ್ಸಿಲ್ ಗೆರೆಯೂ ನಿಲ್ಲಿಸುತ್ತದೆ, ಆದರೆ ಮೂಲೆಗಳಿಗೆ ಕೆಮ್ಮಣ್ಣೇ ಸರಿ.

ಉರಿಯಿಲ್ಲದ ಶಾಖ ಸಿಕ್ಕಿದ್ದು ಮೊಬೈಲ್ ದುರಸ್ತಿ ಅಂಗಡಿಯಲ್ಲಿ. ಅಲ್ಲಿನ ಹುಡುಗ ಸಿರಿಂಜಿನಲ್ಲಿ ಬರುವ ಬೆಸುಗೆ ಪೇಸ್ಟ್ ತೋರಿಸಿದ. ತವರ ಮತ್ತು ಸೀಸದ ಪೇಸ್ಟ್ 183 ಡಿಗ್ರಿಗೆ ಕರಗುತ್ತದೆ, ತವರ ಮತ್ತು ಬಿಸ್ಮತ್‌ನದು 138ಕ್ಕೆ. ಅಕ್ಕಸಾಲಿಗರು ಹೇಳಿದ ಗಟ್ಟಿ ಮತ್ತು ಇಳಿ ಎರಡೂ ನನಗೆ ಇಲ್ಲಿ ಸಿಕ್ಕವು. ಈ ಎರಡು ಶಾಖಗಳಿಗೆ ಹಿತ್ತಾಳೆ ಮೆತ್ತಗಾಗುವುದಿಲ್ಲ, ತನ್ನ ಸೆಟೆತವನ್ನು ಹಾಗೇ ಉಳಿಸಿಕೊಳ್ಳುತ್ತದೆ. "ಸರ್, ಬಿಸಿಗಾಳಿ ಬಿಡಲಾ?" ಎಂದ ಹುಡುಗ. ಗಾಳಿ ಬಿಟ್ಟ ತಕ್ಷಣ ತುಂಡುಗಳು ಗೋಡೆಗೆ ಹಾರಿದವು. ಆಗ ಕಣ್ಣಿಗೆ ಬಿದ್ದದ್ದು ಪಕ್ಕದಲ್ಲಿದ್ದ ಬಿಸಿ ತಟ್ಟೆ, ಸರ್ಕ್ಯೂಟ್ ಬೋರ್ಡನ್ನು ಕೆಳಗಿನಿಂದ ಕಾಯಿಸುವಂಥದ್ದು. ಗಾಳಿಯಿಲ್ಲ, ಉರಿಯಿಲ್ಲ, ಬೆಸುಗೆ ಹಾಕುವ ಸಾಧನದ ಮೂತಿ ತಗುಲಿ ಭಾಗ ಸರಿಯುವ ಭಯವಿಲ್ಲ. ನನ್ನ ಇಡೀ ವಿಧಾನ ಇಷ್ಟೇ: ಶಾಖ ಕೆಳಗಿನಿಂದ ಬರಬೇಕು, ಮೇಲೆ ಯಾರೂ ಮುಟ್ಟಬಾರದು.

ಭಾಗಗಳನ್ನು ಹಿಡಿದಿಡುವ ಅಚ್ಚಿಗೆ ಮೊದಲು ತೋಟದ ಸಿಲ್ವರ್ ಓಕ್ ಹಲಗೆಯ ಚೂರು ಬಳಸಿದೆ. ಕೊರೆಯಲು ಸುಲಭ, ಆದರೆ ಮಳೆಗಾಲದಲ್ಲಿ ತೇವ ಕುಡಿದು ಉಬ್ಬಿ ಕೊರೆದ ಸಂದುಗಳೆಲ್ಲ ಬಿಗಿಯಾದವು. ಮರ ಶಾಖವನ್ನೂ ಮೇಲಕ್ಕೆ ಬಿಡುವುದಿಲ್ಲ. ಕಿಟಕಿ ಮಾಡುವ ಅಂಗಡಿಯಿಂದ ಅಲ್ಯೂಮಿನಿಯಂ ಚೂರುಗಳನ್ನು ತಂದ ಮೇಲೆ ದಾರಿ ಸರಿಹೋಯಿತು. ಶಾಖ ಸಲೀಸಾಗಿ ಹಾಯುತ್ತದೆ, ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ಎಡಬದಿಯ ಚೌಕಟ್ಟು, ಬಲಬದಿಯ ಚೌಕಟ್ಟು ಎರಡನ್ನೂ ಮಲಗಿಸಿ 183ರ ಪೇಸ್ಟಿನಲ್ಲಿ ಬೆಸೆದೆ. ಆಮೇಲೆ ಎದ್ದು ನಿಲ್ಲಿಸಿ ಅಡ್ಡಪಟ್ಟಿಗಳನ್ನು 138ರದರಲ್ಲಿ. ಬಿಸ್ಮತ್ ಬೆಸುಗೆ ಪೆಡಸು, ಪೆಟ್ಟು ತಡೆಯುವುದಿಲ್ಲ. ಆದರೆ ಆ ಅಡ್ಡಪಟ್ಟಿಗಳು ಮೇಲಿನ ರೆಕ್ಕೆಯ ಪೆಟ್ರೋಲ್ ಟ್ಯಾಂಕಿನೊಳಗೆ ಮರೆಯಾಗುವುದರಿಂದ ಒಳಗಿನಿಂದ ಎಪಾಕ್ಸಿ ಅಂಟು ತುಂಬಿದೆ.

ತಟ್ಟೆಯ ಮೇಲಿನ ಅಂಕಿಯನ್ನು ನಂಬಬೇಡಿ. ಕೆಲಸದ ಪಕ್ಕದಲ್ಲೇ ಹಿತ್ತಾಳೆಯ ಒಂದು ಚೂರಿಟ್ಟು ಅದರ ಮೇಲೊಂದು ಪೇಸ್ಟಿನ ಚುಕ್ಕೆ ಇಡಿ. ಬೂದಿ ಬಣ್ಣದ ಚುಕ್ಕೆ ಥಟ್ಟನೆ ಕನ್ನಡಿಯಾದ ಕ್ಷಣವೇ ನಿಮ್ಮ ಥರ್ಮಾಮೀಟರ್. ಮನಸ್ಸಿನಲ್ಲಿ ಮೂರು ಎಣಿಸಿ ತಟ್ಟೆ ಆರಿಸಿ. ಆಗಸ್ಟ್‌ನಲ್ಲಿ ಕಾಯಿಸುವ ನಡುವೆ ಕರೆಂಟ್ ಹೋಗಿ ಪೇಸ್ಟಿನ ರಾಳ ಒಣಗಿ ಕಪ್ಪಾದದ್ದುಂಟು, ಎಲ್ಲ ತೊಳೆದು ಮತ್ತೆ ಮೊದಲಿನಿಂದ. ಒಂದು ಜೋಡಣೆಗೆ ಬೇಕಾದ ಚುಕ್ಕೆ ಕಾಲು ಮಿಲಿಮೀಟರ್‌ಗಿಂತ ಸಣ್ಣದು, ಸಿರಿಂಜಿನ ಸೂಜಿಯಿಂದ ಅದು ಬರುವುದಿಲ್ಲ. ಅದನ್ನು ಯಾವುದರಿಂದ ಇಡುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಹುಡುಕಲು ನನಗೆ ಒಂದು ಮಳೆಗಾಲ ಹಿಡಿಯಿತು. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ ಎಂದಷ್ಟೇ ಹೇಳುತ್ತೇನೆ.

ಇನ್ನು ತಂತಿಗಳು. ಅಡ್ಡ ಹಾಯುವ ಪಟ್ಟಿಗಳನ್ನು ತಟ್ಟೆಯ ಮೇಲೆ ಮಲಗಿಸಿ, ಕೂಡುವ ಜಾಗದಲ್ಲಿ ಒಂದು ಚುಕ್ಕೆ ಕೊಟ್ಟರೆ ಇಡೀ ಗುಣಾಕಾರ ಚಿಹ್ನೆ ಒಂದೇ ತುಂಡಾಗುತ್ತದೆ. ಕೂರಿಸುವಾಗ ತಂತಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ತಲೆನೋವೇ ಇಲ್ಲ. ನಿಜವಾದ ಸಂಕಟ ಬರುವುದು ಕೂರಿಸಿದ ಮೇಲೆ, ತಿಂಗಳುಗಳು ಕಳೆದ ನಂತರ. ಲೋಹದ ತಂತಿ ಹಾಕಿದ ಹಲವರು ಕೈಬಿಟ್ಟದ್ದು ಇದೇ ಕಾರಣಕ್ಕೆ. ಏಪ್ರಿಲ್‌ನಲ್ಲಿ ಬಿಗಿಯಾಗಿದ್ದದ್ದು ಡಿಸೆಂಬರ್‌ನಲ್ಲಿ ಅಲೆಯಾಗುತ್ತದೆ. ಅವರು ಹಿತ್ತಾಳೆಯನ್ನು ದೂರುತ್ತಾರೆ, ತಪ್ಪು ಅದರದಲ್ಲ. ಶಾಖಕ್ಕೆ ಪ್ಲಾಸ್ಟಿಕ್ ಹಿತ್ತಾಳೆಗಿಂತ ಮೂರೂವರೆ ಪಟ್ಟಿನಷ್ಟು ಹಿಗ್ಗುತ್ತದೆ, ಚಳಿಗೆ ಅಷ್ಟೇ ಕುಗ್ಗುತ್ತದೆ. ಐದು ಸೆಂಟಿಮೀಟರ್ ಅಂತರ ಹದಿನೈದು ಡಿಗ್ರಿ ತಣಿದರೆ ಇವೆರಡರ ನಡುವಿನ ವ್ಯತ್ಯಾಸ ಮಿಲಿಮೀಟರ್‌ನ ನೂರರಲ್ಲಿ ನಾಲ್ಕು ಪಾಲಿನ ಆಸುಪಾಸು. ಲೆಕ್ಕಕ್ಕೇ ಇಲ್ಲ ಅನ್ನಿಸುತ್ತದೆ. ಆದರೆ ಎರಡೂ ತುದಿ ಕಚ್ಚಿಕೊಂಡ ಪಟ್ಟಿ ಅಷ್ಟಕ್ಕೇ ನಡುವಿನಲ್ಲಿ ಮುಕ್ಕಾಲು ಮಿಲಿಮೀಟರ್‌ಗೂ ಹೆಚ್ಚು ಉಬ್ಬುತ್ತದೆ. ಕಾಗದದ ಮೇಲೆ ಗೀಚಿ ನೋಡಿ, ನಿಮಗೂ ಹಾಗೇ ಬರುತ್ತದೆ.

ಅದಕ್ಕೆ ಎರಡು ಉಪಾಯ ಮಾಡಿದೆ. ಮೇಲಿನ ತುದಿಗಳನ್ನು ಮಾತ್ರ ಎಪಾಕ್ಸಿಯಲ್ಲಿ ಕಚ್ಚಿಸಿದೆ. ಕೆಳಗಿನ ತುದಿಗಳು ಸುಮಾರು 0.3 ಮಿಲಿಮೀಟರ್ ರಂಧ್ರದೊಳಗೆ ಸಡಿಲವಾಗಿ ಇಳಿದಿವೆ, ರಂಧ್ರದ ಬಾಯಿಗೆ ಒಂದು ತೊಟ್ಟು ಮ್ಯಾಟ್ ವಾರ್ನಿಷ್ ಅಷ್ಟೇ. ಎರಡನೆಯದು ಹವೆಯದು. ಈ ಕೆಲಸವನ್ನು ಡಿಸೆಂಬರ್ ಕೊನೆಯಲ್ಲಿ, ಬೆಳಕು ಹರಿಯುವ ಮುಂಚೆ, ಕಿಟಕಿ ತೆರೆದಿಟ್ಟು ಮಾಡಿದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಮೇಲಿದೆ. ಆ ಹೊತ್ತಿನಲ್ಲಿ ನಮ್ಮ ಕೋಣೆಯಲ್ಲಿ ಹದಿನಾಲ್ಕು ಹದಿನೈದು ಡಿಗ್ರಿ ಇರುತ್ತದೆ. ವರ್ಷದ ಅತ್ಯಂತ ತಣ್ಣನೆಯ ಗಳಿಗೆಯಲ್ಲಿ ಕೂರಿಸಿದ ತಂತಿಗೆ ಮುಂದೆ ಬರುವ ಪ್ರತಿ ದಿನವೂ ಬಿಗಿಯುವ ದಿನವೇ.  ಹಾಸನದವರೂ ನೋಡಬಹುದು, ಸಕಲೇಶಪುರದ ಕಡೆಯವರಂತೂ ತಪ್ಪದೆ ಪ್ರಯತ್ನಿಸಬೇಕು.

ಹಿತ್ತಾಳೆ ಸೋತ ಒಂದೇ ಜಾಗ ಆಸನದ ಬೆಲ್ಟು. ನಿಜದಲ್ಲಿ ಅದು ಕ್ಯಾನ್ವಾಸ್, ಸುಮ್ಮನೆ ಜೋತು ಬೀಳಬೇಕು. ಲೋಹದ್ದು ಎಷ್ಟು ಕಾಯಿಸಿ ಮೆತ್ತಗೆ ಮಾಡಿದರೂ ಸೆಟೆದೇ ಕೂರುತ್ತದೆ. ತೆಳು ಕಾಗದವನ್ನು ಗಟ್ಟಿ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ, ಒಣಗಿಸಿ, ಪಟ್ಟಿ ಕತ್ತರಿಸಿ, ಬಕಲ್ ಮಾತ್ರ ಹಿತ್ತಾಳೆಯದು ಹಾಕಿದೆ. ಪೀಬೆರಿ ಡಿಕಾಕ್ಷನ್, ಚಿಕೋರಿ ಬೆರೆತದ್ದು ಎರಡನ್ನೂ ಹೋಲಿಸಿದೆ. ಚಿಕೋರಿಯದು ಕೆಂಪಿಗೆ ತಿರುಗುತ್ತದೆ, ಶುದ್ಧ ಕಾಫಿಯ ಬಣ್ಣವೇ ಹಳೆಯ ಕ್ಯಾನ್ವಾಸಿಗೆ ಹತ್ತಿರ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರತೀಯ ವಾಯುಪಡೆ ದುರಸ್ತಿ ಮಾಡಿಸಿ 2012ರಲ್ಲಿ ಮತ್ತೆ ಹಾರಿಸಿದ ಎಚ್‌ಯು 512 ಸಂಖ್ಯೆಯ ಟೈಗರ್ ಮಾತ್‌ನ ಹಳದಿಯನ್ನು ಆರಿಸಿಕೊಂಡೆ. ಲ್ಯಾಕರ್ ಬಣ್ಣ ತೇವದ ಗಾಳಿಯಲ್ಲಿ ಬೆಳ್ಳಗೆ ಮಂಕಾಗುವುದರಿಂದ ನವೆಂಬರ್ ತನಕ ಮುಟ್ಟಲಿಲ್ಲ.

ಖರ್ಚು ಕೇಳುವವರಿಗೆ: ಕಿಟ್ ನಾಲ್ಕು ಸಾವಿರದ ಹತ್ತಿರ, ಸಾಗಣೆ ಮತ್ತು ಸುಂಕ ಸೇರಿ ಮತ್ತೆ ಒಂದೂವರೆ ಸಾವಿರ. ಅಂಟಿಗೆ ಬಲಿಯಾದ ಹಾಳೆಯ ಬದಲಿಗೆ ಇನ್ನೊಂದನ್ನು ತರಿಸಲು ಸುಮಾರು ಎರಡು ಸಾವಿರ. ನಡುವೆ ಉಕ್ಕಿನ ಹಾಳೆಯೊಂದನ್ನು ತರಿಸಿ ನೋಡಿದ್ದೆ. ಅದರ ಮೇಲೆ ಬೆಸುಗೆ ಹರಡದೆ ಉಂಡೆಯಾಗಿ ಉರುಳಿತು, ಬೆಸುಗೆ ಹಿಡಿಯಲು ಹಚ್ಚುವ ಆಮ್ಲದ ಫ್ಲಕ್ಸ್ ಇಲ್ಲದೆ ಅದು ಒಗ್ಗುವುದಿಲ್ಲ. ಎಂಟುನೂರು ರೂಪಾಯಿ ಅಲ್ಲಿಗೆ ಹೋಯಿತು. ಹಳೆಯ ಬಿಸಿ ತಟ್ಟೆಯನ್ನು ಅಂಗಡಿಯ ಹುಡುಗ ಸಾವಿರಕ್ಕೆ ಕೊಟ್ಟ. ಪೇಸ್ಟ್ ಎರಡೂ ಸೇರಿ ಐನೂರರೊಳಗೆ. ಚಿಮುಟಕ್ಕೆ ಮಾತ್ರ ಜಿಪುಣತನ ಬೇಡ, ನೂರೈವತ್ತರದು ತುದಿ ಕೂಡುವುದಿಲ್ಲ, ಎಂಟುನೂರರದು ಕೂಡುತ್ತದೆ. ತಟ್ಟೆ, ಚಿಮುಟ, ಅಚ್ಚು ಇವೆಲ್ಲ ಮುಂದಿನ ವಿಮಾನಕ್ಕೂ ಬರುತ್ತವೆ, ಹಾಗಾಗಿ ಅದಕ್ಕೆ ಇಷ್ಟು ಖರ್ಚಾಗುವುದಿಲ್ಲ.

ಸೀಸದ ಪೇಸ್ಟ್ ಮುಟ್ಟಿದ ಕೈಯಲ್ಲಿ ಊಟ ಮಾಡಬೇಡಿ, ಸಿರಿಂಜನ್ನು ಅಡುಗೆಮನೆಯ ಫ್ರಿಜ್‌ನಲ್ಲಿ ಇಡಬೇಡಿ. ಮುಂದಿನದು ವೆಸ್ಟ್‌ಲ್ಯಾಂಡ್ ವಾಪಿಟಿ, 1933ರಲ್ಲಿ ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಹಾರಿಸಿದ ವಿಮಾನ. ಅದರ ಒಂದೊಂದು ಬದಿಯಲ್ಲೂ ಎರಡು ಸಾಲು ಕಂಬಗಳಿವೆ, ತಂತಿಗಳೂ ಅಷ್ಟೇ ಹೆಚ್ಚು. ಅಲ್ಯೂಮಿನಿಯಂ ಅಚ್ಚು ಕೊರೆದಾಗಿದೆ. ಡಿಸೆಂಬರ್‌ಗೆ ಮುಂಚೆ ಪಂಜರ ಮುಗಿಸಬೇಕು.